ಪಾದದ ಗಂಟಿಗೆ ಎರಡು ಹೆಸರು

ಪಾದದಲ್ಲಿ ಸಣ್ಣ ಗಂಟು ಕಂಡರೆ 'ಚಪ್ಪಲಿ ಒತ್ತಿರಬೇಕು' ಅಂತ ಸುಮ್ಮನಾಗ್ತೀವಿ. ಸಾಮಾನ್ಯವಾಗಿ ಏನೂ ಆಗಲ್ಲ, ನಿಜ. ಆದರೆ 1965ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಫ್ರಾನ್ಜ್ ಎನ್ಜಿಂಗರ್, ಸ್ನಾಯುರಜ್ಜುವಿಗೆ ಅಂಟಿಕೊಂಡು ಬೆಳೆಯುವ ಅಪರೂಪದ ಕ್ಯಾನ್ಸರೊಂದನ್ನು ಬೇರೆಯಾಗಿ ಗುರುತಿಸಿದರು: ಕ್ಲಿಯರ್ ಸೆಲ್ ಸಾರ್ಕೋಮಾ. ಪಾದ, ಕಣಕಾಲಿನ ಆಸುಪಾಸಿನಲ್ಲೇ ಹೆಚ್ಚು. ಅದೂ ನನ್ನ ವಯಸ್ಸಿನವರಲ್ಲಿ!

ಅದರೊಳಗೆ ಮೆಲನಿನ್ ಸಿಗುತ್ತಿದ್ದರಿಂದ 1983ರಲ್ಲಿ ಅವರೇ ಅದನ್ನು ಮೆದು ಅಂಗಾಂಶದ ಮೆಲನೋಮಾ ಅಂದರು. ಗೊಂದಲ ಬಿಡಿಸಿದ್ದು ವರ್ಣತಂತುಗಳು. 12 ಮತ್ತು 22ರ ತುಂಡುಗಳು ಅದಲುಬದಲಾಗಿ ಎರಡು ಜೀನ್‌ಗಳು ಬೆಸೆದುಕೊಂಡಿರುವುದು 1993ರಲ್ಲಿ ಪತ್ತೆಯಾಯ್ತು. ಚರ್ಮದ ಮೆಲನೋಮಾದಲ್ಲಿ ಈ ಬೆಸುಗೆ ಇರಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಔಟ್‌ಪುಟ್ ಒಂದೇ, ಸೋರ್ಸ್ ಕೋಡ್ ಬೇರೆ :)

ಕೀಮೋಗೆ ಇದು ಅಷ್ಟಾಗಿ ಬಗ್ಗಲ್ಲ. ಎಂಆರ್‌ಐ, ಬಯಾಪ್ಸಿ ಮೊದಲು. ಆಮೇಲೆ ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೀಬೇಕು. ನೀರುಗಂಟು ಅಂದ್ಕೊಂಡು ಮೊದಲೇ ಕೆದಕಿಬಿಟ್ಟರೆ ಆ ಅಂಚು ಎಲ್ಲಿತ್ತು ಅಂತ ಹುಡುಕೋದೇ ಕಷ್ಟ.