ಸಣ್ಣ ಜುಲ್ಮಾನೆಯೂ ತಕರಾರಿನ ಹಕ್ಕೂ: ಬೆಂಗಳೂರು ಗ್ರಾಮಾಂತರ ಸೀಮೆಯ ಹೆದ್ದಾರಿಗಳ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

ದಂಡನೀತಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೊಲೆ, ದರೋಡೆ, ರಾಜದ್ರೋಹಗಳಂತಹ ಘೋರಾಪರಾಧಗಳನ್ನೇ ಎತ್ತಿಕೊಳ್ಳುವರು. ಆದರೆ ಬಹುಮಂದಿ ಪ್ರಜೆಗಳು ತಮ್ಮ ಆಯುಷ್ಯದಲ್ಲಿ ದಂಡಶಾಸನವನ್ನು ಮುಖಾಮುಖಿಯಾಗಿ ಕಾಣುವುದು ರಸ್ತೆಯ ಮೇಲೆ. ಅದೂ ಐನೂರು ಸಾವಿರ ರೂಪಾಯಿಗಳ ಒಂದು ಜುಲ್ಮಾನೆಯ ರೂಪದಲ್ಲಿ. ತನ್ನಲ್ಲಿ ತಪ್ಪಿಲ್ಲವೆಂದು ನಂಬಿರುವವನು ಆ ಹಣವನ್ನು ಕಟ್ಟಿ ಕೈತೊಳೆದುಕೊಳ್ಳಬೇಕೇ, ತಕರಾರು ಹೂಡಿ ನ್ಯಾಯಾಲಯದ ಬಾಗಿಲಿಗೆ ಹೋಗಬೇಕೇ? ಇದು ಮೇಲುನೋಟಕ್ಕೆ ಕೇವಲ ಖಾಸಗಿ ಲೆಕ್ಕಾಚಾರವೆಂದು ತೋರುವುದು. ಈ ಲೆಕ್ಕಾಚಾರವು ಪ್ರಜೆಯ ಪಾಲಿಗೆ ಹೇಗೆ ಬಂದಿತೆಂಬುದಕ್ಕೆ ಒಂದು ಚರಿತ್ರೆಯಿದೆ. ಅದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿವೇಚನೆಗೆ ನಾವು ಆರಿಸಿಕೊಂಡಿರುವ ಸೀಮೆ ಬೆಂಗಳೂರು ಗ್ರಾಮಾಂತರ ಪ್ರದೇಶ. 1986ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದಲ್ಲಿ, 2007ರಲ್ಲಿ ರಾಮನಗರ ಜಿಲ್ಲೆಯು ಬೇರ್ಪಟ್ಟ ಮೇಲೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ನಾಲ್ಕೂ ದಾರಿಗಳ ಮೇಲಣ ಊರುಗಳು. ನೆಲಮಂಗಲದಲ್ಲಿ ತುಮಕೂರಿನ ಕಡೆಯ ಹೆದ್ದಾರಿಯೂ ಹಾಸನ ಮಂಗಳೂರುಗಳ ಕಡೆಯ ಹೆದ್ದಾರಿಯೂ ಕವಲೊಡೆಯುತ್ತವೆ. ಹೊಸಕೋಟೆಯ ಮೂಲಕ ಕೋಲಾರದ ದಾರಿಯೂ, ದೇವನಹಳ್ಳಿಯ ಮೂಲಕ ಹೈದರಾಬಾದಿನ ದಾರಿಯೂ ಸಾಗುತ್ತವೆ. ದಾಬಸ್‌ಪೇಟೆಯಿಂದ ಹೊರಟ ರಸ್ತೆಯೊಂದು ದೊಡ್ಡಬಳ್ಳಾಪುರವನ್ನು ದೇವನಹಳ್ಳಿ ಹೊಸಕೋಟೆಗಳೊಡನೆ ಕೂಡಿಸುತ್ತದೆ. ಆದುದರಿಂದ ಇಲ್ಲಿನ ರಸ್ತೆಗಳ ಮೇಲೆ ದಂಡಕ್ಕೆ ಗುರಿಯಾಗುವವರಲ್ಲಿ ಸ್ಥಳೀಯರಷ್ಟೇ ಅಲ್ಲದೆ ದೂರದ ಊರುಗಳ ದಾರಿಹೋಕರೂ ಇರುವರು. ಈ ಸಂಗತಿಗೆ ನಾವು ಮುಂದೆ ಮರಳುವೆವು.

ದಂಡವೆಂಬುದು ನ್ಯಾಯದ ಸಾಧನವಾಗಿರುವಂತೆಯೇ ರಾಜ್ಯದ ವರಮಾನವೂ ಆಗಿದೆ ಎಂಬ ತಿಳಿವು ಈ ನಾಡಿಗೆ ಹೊಸದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಕಾಲದ ಮಾನ್ಯಪುರ. ಕ್ರಿ.ಶ. 8ನೆಯ ಶತಮಾನದ ಕೊನೆಯ ಹೊತ್ತಿಗೆ ಆ ಸೀಮೆಯು ರಾಷ್ಟ್ರಕೂಟರ ಅಧೀನಕ್ಕೆ ಬಂದಿತು. ರಾಷ್ಟ್ರಕೂಟರ ದಾನಶಾಸನಗಳಲ್ಲಿ ಊರನ್ನು ದತ್ತಿ ಬಿಡುವಾಗ ಅದರೊಡನೆ ಸಲ್ಲುವ ಹಕ್ಕುಗಳನ್ನು ಎಣಿಸುವುದುಂಟು. ಅವುಗಳಲ್ಲಿ 'ದಶಾಪರಾಧ'ವೂ ಒಂದು. ಹತ್ತು ಬಗೆಯ ಅಪರಾಧಗಳಿಂದ ಬರುವ ದಂಡದ ಉತ್ಪತ್ತಿ ಎಂದು ವಿದ್ವಾಂಸರು ಇದನ್ನು ಸಾಮಾನ್ಯವಾಗಿ ಅರ್ಥೈಸಿರುವರು. ಹೊಲ, ತೋಟ, ಕೆರೆಗಳಂತೆ ಅಪರಾಧಗಳ ದಂಡವೂ ದಾನ ಕೊಡಬಹುದಾದ ಸ್ವತ್ತಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ದಂಡವು ಒಬ್ಬನ ಉತ್ಪತ್ತಿಯಾದೆಡೆಯಲ್ಲಿ ಅದನ್ನು ಪ್ರಶ್ನಿಸುವ ಹಕ್ಕು ಎಷ್ಟರಮಟ್ಟಿಗೆ ಬದುಕಿ ಉಳಿಯುವುದೆಂಬ ಸಂದೇಹವು ಅಂದಿನಿಂದಲೂ ಇದ್ದೇ ಇದೆ.

ಧರ್ಮಶಾಸ್ತ್ರಕಾರರು ಈ ಸಂದೇಹವನ್ನು ಗಮನಿಸದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ 6ನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ನಮ್ಮ ವಿಷಯಕ್ಕೆ ಒದಗುವ ಎರಡು ವಿಧಿಗಳಿವೆ. ಮೊದಲನೆಯದು ಬಂಡಿಗಳಿಗೆ ಸಂಬಂಧಿಸಿದುದು. ಎತ್ತಿನ ಮೂಗುದಾರ ಕಡಿದುಹೋಗಿದ್ದರೆ, ನೊಗ ಮುರಿದಿದ್ದರೆ ಅಥವಾ ಬಂಡಿಯು ಹಿಂದಕ್ಕೆ ಸರಿದು ಹಾನಿಯಾದರೆ ಒಡೆಯನು ದೋಷಭಾಗಿಯಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಇಂತಹ ಹತ್ತು ಸಂದರ್ಭಗಳನ್ನು ಎಣಿಸಿ, ಉಳಿದವುಗಳಲ್ಲಿ ಮಾತ್ರ ದಂಡವೆಂದು ವಿಧಿಸಿದೆ. ಎಂದರೆ ದಾರಿಯ ಮೇಲಿನ ತಪ್ಪಿಗೂ ಸಮಾಧಾನ ಹೇಳಿಕೊಳ್ಳಲು ಅವಕಾಶವಿರಬೇಕೆಂಬುದು ಪ್ರಾಚೀನರ ಅಭಿಪ್ರಾಯವಾಗಿತ್ತು.

ಎರಡನೆಯ ವಿಧಿಯು ಹಣದ ವ್ಯಾಜ್ಯಗಳಿಗೆ ಸೇರಿದುದು. ಆದರೂ ಅದರ ತತ್ತ್ವ ವ್ಯಾಪಕವಾದುದು. ವಾದಿಯ ಮಾತನ್ನು ಅಲ್ಲಗಳೆದ ಪ್ರತಿವಾದಿಯು ಸೋತರೆ ವಾದಿಗೆ ಸಲ್ಲತಕ್ಕ ಹಣವನ್ನು ಕೊಟ್ಟು, ಅಷ್ಟೇ ಮೊತ್ತವನ್ನು ರಾಜನಿಗೂ ದಂಡವಾಗಿ ತೆರಬೇಕು. ಸುಳ್ಳು ಆರೋಪ ಹೊರಿಸಿದವನಾದರೋ ಆರೋಪಿಸಿದ ಹಣದ ಇಮ್ಮಡಿಯನ್ನು ತೆರಬೇಕು. ಇಲ್ಲಿ ತಕರಾರು ಮಾಡುವವನ ಮೇಲೆ ಒಂದು ಭಾರ, ಸುಳ್ಳಾಗಿ ಆರೋಪಿಸುವವನ ಮೇಲೆ ಅದಕ್ಕಿಂತ ಹೆಚ್ಚಿನ ಭಾರ. ಈ ತಕ್ಕಡಿಯ ಎರಡು ತಟ್ಟೆಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ದಂಡದ ಸ್ವರೂಪವು ಹಣವೊಂದೇ ಆಗಿರಬೇಕಾಗಿಲ್ಲವೆಂಬುದಕ್ಕೆ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಕಂದಾಯ ನಿಬಂಧನೆಗಳು ನಿದರ್ಶನವಾಗಿವೆ. 1792ರಲ್ಲಿ ಇಂಗ್ಲಿಷಿಗೆ ಭಾಷಾಂತರಗೊಂಡ ಈ ನಿಬಂಧನೆಗಳಲ್ಲಿ, ತಪ್ಪು ಮಾಡಿದ ರೈತನು ಹಣದ ಬದಲು ಊರ ಮುಂದೆ ಮಾವು ಬಾದಾಮಿ ಮರಗಳನ್ನು ನೆಟ್ಟು, ನೀರೆರೆದು ಬೆಳೆಸತಕ್ಕದ್ದೆಂಬ ಏರ್ಪಾಡು ಕಂಡುಬರುತ್ತದೆ. ಮುಂದೆ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಮಲ್ದಾರನೇ ಕಂದಾಯದ ಅಧಿಕಾರಿಯೂ ಮ್ಯಾಜಿಸ್ಟ್ರೇಟನೂ ಆಗಿದ್ದನು. ವಸೂಲು ಮಾಡುವ ಕೈಯೂ ವಿಚಾರಣೆ ನಡೆಸುವ ಕೈಯೂ ಒಂದೇ ಆಗಿತ್ತು. ಭಾರತ ಸಂವಿಧಾನದ 50ನೆಯ ಅನುಚ್ಛೇದವು ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಬೇಕೆಂದು ನಿರ್ದೇಶಿಸಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ಅಪರಾಧಗಳ ವಿಚಾರಣೆಯನ್ನು ಉಚ್ಚ ನ್ಯಾಯಾಲಯದ ಅಧೀನದಲ್ಲಿರುವ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು.

ಆದರೆ ಇದಕ್ಕೆ ಎದುರಾಗಿ ಮತ್ತೊಂದು ಪ್ರವಾಹವೂ ಬಹುಕಾಲದಿಂದ ಹರಿಯುತ್ತಿತ್ತು. ಸಣ್ಣ ಮೊಕದ್ದಮೆಗಳನ್ನು ಬೇಗ ಮುಗಿಸಬೇಕೆಂಬ ಉದ್ದೇಶದಿಂದ ಬ್ರಿಟಿಷ್ ಭಾರತದ 1872ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸಂಕ್ಷಿಪ್ತ ವಿಚಾರಣೆಯ ಪದ್ಧತಿಯನ್ನು ಸೇರಿಸಲಾಯಿತು. 1939ರ ಮೋಟಾರು ವಾಹನಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 130ನೆಯ ಕಲಮಿನ ಮೇರೆಗೆ ಆಪಾದಿತನು ನ್ಯಾಯಾಲಯಕ್ಕೆ ಬರದೆಯೇ, ರಿಜಿಸ್ಟರ್ಡ್ ಅಂಚೆಯಲ್ಲಿ ತಪ್ಪೊಪ್ಪಿಗೆಯ ಪತ್ರವನ್ನು ಬರೆದು ಗೊತ್ತುಪಡಿಸಿದ ಹಣವನ್ನು ಕಳುಹಿಸಿ ಮುಕ್ತನಾಗಬಹುದಾಗಿತ್ತು. ಮೊದಲು ಬ್ರಿಟಿಷ್ ಭಾರತಕ್ಕೆಂದು ರಚಿತವಾದ ಈ ಕಾಯಿದೆಯು ಸಂಸ್ಥಾನವು ಭಾರತದಲ್ಲಿ ವಿಲೀನವಾದ ನಂತರ ಮೈಸೂರಿನಲ್ಲಿಯೂ ಆಚರಣೆಗೆ ಬಂದಿತು.

ಇದರ ಸ್ಥಾನದಲ್ಲಿ ಬಂದು 1989ರ ಜುಲೈ 1ರಿಂದ ಜಾರಿಯಲ್ಲಿರುವುದು 1988ರ ಕಾಯಿದೆ. ಅಂಚೆಯ ತಪ್ಪೊಪ್ಪಿಗೆಯ ಏರ್ಪಾಡು ಅದರ 208ನೆಯ ಕಲಮಿನಲ್ಲಿ ಮುಂದುವರಿಯಿತು. ಹೀಗೆ ಒಪ್ಪಿಕೊಂಡು ಹಣ ಕಳುಹಿಸಿದವನ ಮೇಲೆ ಮುಂದಿನ ಕ್ರಮವಿಲ್ಲ. ಆ ಒಪ್ಪಿಗೆಯ ಕಾರಣದಿಂದ ಆತನ ಲೈಸೆನ್ಸಿಗೆ ಅನರ್ಹತೆಯೂ ಇಲ್ಲ. ಇನ್ನು 200ನೆಯ ಕಲಮು ಹಲವು ಅಪರಾಧಗಳನ್ನು, ಮೊಕದ್ದಮೆ ಹೂಡುವ ಮೊದಲೇ ಆಗಲಿ ಅನಂತರವೇ ಆಗಲಿ, ಸರ್ಕಾರವು ಗೊತ್ತುಮಾಡಿದ ಅಧಿಕಾರಿಯ ಬಳಿಯೇ ನಿಗದಿಯಾದ ಹಣ ಕೊಟ್ಟು ರಾಜಿ ಮಾಡಿಕೊಳ್ಳಲು ಅವಕಾಶ ಕಲ್ಪಿಸಿತು. ಸಂವಿಧಾನವೂ 1974ರ ಸಂಹಿತೆಯೂ ಬೇರ್ಪಡಿಸಿದ ಎರಡು ಕೈಗಳು ಈ ಕಲಮಿನ ಮೂಲಕ ರಸ್ತೆಯ ಬದಿಯಲ್ಲಿ ಪುನಃ ಕೂಡಿಕೊಂಡವು. ಆರೋಪಿಸುವ ಇಲಾಖೆಯೇ ಹಣವನ್ನೂ ಸ್ವೀಕರಿಸುವುದು. ಪ್ರಜೆಯು ಒಪ್ಪಿದರೆ ನ್ಯಾಯಾಧೀಶನ ಅಗತ್ಯವೇ ಬೀಳುವುದಿಲ್ಲ.

2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಗಳು ಈ ರಾಜಿಯ ಬೆಲೆಯನ್ನು ಸ್ಪಷ್ಟಗೊಳಿಸಿದವು. ಬೇರೆ ದಂಡ ಹೇಳದಿರುವ ಅಪರಾಧಗಳಿಗೆ ಮೊದಲ ಸಲಕ್ಕೆ 100 ರೂಪಾಯಿಗಳವರೆಗೆ ಇದ್ದ ದಂಡವು 500ಕ್ಕೆ ಏರಿತು. ಶಿರಸ್ತ್ರಾಣವಿಲ್ಲದೆ ಸ್ಕೂಟರು ನಡೆಸುವವನಿಗೆ 194-ಡಿ ಕಲಮು 1,000 ರೂಪಾಯಿ ದಂಡವನ್ನೂ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ವಿಧಿಸಿತು. ಕರ್ನಾಟಕ ಸರ್ಕಾರವು ಅದೇ ತಿಂಗಳಲ್ಲಿ ಈ ಅಪರಾಧದ ರಾಜಿಯ ಮೊತ್ತವನ್ನು 500ಕ್ಕೆ ಇಳಿಸಿತು. ಇದರ ಪರಿಣಾಮವನ್ನು ವಿಚಾರಿಸಿ ನೋಡೋಣ. ರಾಜಿಗೆ ಒಪ್ಪಿದವನು 500 ಕೊಟ್ಟು ಮನೆಗೆ ಹೋಗುವನು. ಒಪ್ಪದೆ ನ್ಯಾಯಾಲಯದಲ್ಲಿ ಸೋತವನು ಕಾಯಿದೆಯ ಮೇರೆಗೆ 1,000 ತೆರುವುದರೊಂದಿಗೆ ಲೈಸೆನ್ಸಿನ ಅನರ್ಹತೆಗೂ ಗುರಿಯಾಗುವನು. ಅಲ್ಲಗಳೆದು ಸೋತವನು ಅಷ್ಟೇ ಮೊತ್ತವನ್ನು ಹೆಚ್ಚಾಗಿ ತೆರಬೇಕೆಂಬ ಯಾಜ್ಞವಲ್ಕ್ಯನ ಮೊದಲ ತಟ್ಟೆ ಹೀಗೆ ಅಕಸ್ಮಾತ್ತಾಗಿ ನಮ್ಮ ಕಾಲಕ್ಕೆ ಮರಳಿ ಬಂದಿದೆ. ಎರಡನೆಯ ತಟ್ಟೆ ಮರಳಿ ಬಂದಿಲ್ಲ. ಸಕಾರಣವಿಲ್ಲದೆ ದೂರು ಕೊಟ್ಟವನಿಂದ ಆಪಾದಿತನಿಗೆ ಪರಿಹಾರ ಕೊಡಿಸುವ ಕಲಮು ದಂಡ ಪ್ರಕ್ರಿಯೆಯ ಸಂಹಿತೆಯಲ್ಲಿ ಉಂಟು. ಆದರೆ ದೂರುದಾರನೇ ಇಲ್ಲದೆ ಯಂತ್ರದ ಚಿತ್ರದಿಂದ ಹುಟ್ಟಿದ ನೋಟೀಸಿಗೆ ಅದು ಸುಲಭವಾಗಿ ಹೊಂದುವಂತಹುದಲ್ಲ.

ಯಂತ್ರದ ಪ್ರವೇಶವನ್ನು ಪ್ರತ್ಯೇಕವಾಗಿ ಗಮನಿಸಬೇಕು. 2021ರ ಆಗಸ್ಟ್ 11ರ ಅಧಿಸೂಚನೆಯಿಂದ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ 167-ಎ ನಿಯಮವು ಸೇರಿತು. ಕ್ಯಾಮರಾ ಮೊದಲಾದ ಉಪಕರಣಗಳಿಗೆ ಅನುಮೋದನಾ ಪತ್ರವಿರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವು ಇರುವೆಡೆಯಲ್ಲಿ ಎಚ್ಚರಿಕೆಯ ಫಲಕವಿರಬೇಕು, ಅಪರಾಧದ ಚಿತ್ರ, ಸ್ಥಳ, ದಿನ, ಹೊತ್ತು ಇವೆಲ್ಲ ದಾಖಲೆಯಲ್ಲಿರಬೇಕು ಎಂದು ಆ ನಿಯಮವು ವಿಧಿಸಿತು. ಇವು ಕೇವಲ ಕಚೇರಿಯ ಸೂಚನೆಗಳೆಂದು ಭಾವಿಸಬಾರದು. ಮೂಗುದಾರ ಕಡಿದ ಬಂಡಿಯ ವಿನಾಯಿತಿಯಂತೆ ಇವು ಆಪಾದಿತನ ಕೈಯಲ್ಲಿರುವ ಸಮಾಧಾನಗಳು. ಆದರೆ ಇಂತಹ ಸಮಾಧಾನವನ್ನು ಹೇಳಿಕೊಳ್ಳಬೇಕಾದರೆ ಮೊದಲು ತಕರಾರು ಹೂಡಬೇಕು.

ಈ ಘಟ್ಟದಲ್ಲಿ ನಮ್ಮ ಸೀಮೆಯ ಭೂಗೋಳವು ವಿಚಾರಕ್ಕೆ ಬರುತ್ತದೆ. ಅಪರಾಧವು ನಡೆದ ಸ್ಥಳದ ನ್ಯಾಯಾಲಯವೇ ಅದನ್ನು ವಿಚಾರಿಸುವುದು ಸಾಮಾನ್ಯ ನಿಯಮ. ನೆಲಮಂಗಲದ ಕವಲಿನಲ್ಲಿ ಆರೋಪಕ್ಕೆ ಗುರಿಯಾದ ಮಂಗಳೂರಿನ ಲಾರಿ ಚಾಲಕನು ವಿಚಾರಣೆ ಬಯಸಿದರೆ, ಅವನೇ ಆಗಲಿ ಅವನ ವಕೀಲನೇ ಆಗಲಿ ನೆಲಮಂಗಲಕ್ಕೆ ಬರಬೇಕು. ವಾಯಿದೆಯು ಮುಂದಕ್ಕೆ ಹೋದರೆ ಮತ್ತೊಮ್ಮೆ ಬರಬೇಕು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಕೆಲಸಗಾರನಿಗೆ ನ್ಯಾಯಾಲಯವು ತನ್ನ ಊರಿನಲ್ಲಿಯೇ ಇದ್ದರೂ, ಅಲ್ಲಿ ಕಳೆದ ದಿನ ಮಗ್ಗದ ಮುಂದೆ ಕಳೆಯದ ದಿನ. ಆ ದಿನದ ಕೂಲಿ ಹೋದಂತೆಯೇ. ಆದುದರಿಂದ ಹಕ್ಕು ಎಲ್ಲರಿಗೂ ಸಮಾನವಾಗಿದ್ದರೂ ಅದನ್ನು ಚಲಾಯಿಸುವ ವೆಚ್ಚವು ಸಮಾನವಾಗಿಲ್ಲ. ದಿನಗೂಲಿಯವನು ನಿರ್ದೋಷಿಯಾಗಿದ್ದರೂ ದಂಡ ಕಟ್ಟುವುದೇ ಅಗ್ಗವೆಂದು ತೀರ್ಮಾನಿಸಿದರೆ ಆತನನ್ನು ಅವಿವೇಕಿಯೆಂದು ಯಾರೂ ಹೇಳಲಾರರು.

2023ರ ಫೆಬ್ರವರಿಯಲ್ಲಿ ಈ ಲೆಕ್ಕವು ಇನ್ನಷ್ಟು ಒಂದು ಕಡೆಗೆ ವಾಲಿತು. ರಾಷ್ಟ್ರೀಯ ಲೋಕ ಅದಾಲತ್ ಸೇರಿದ 11ನೆಯ ತಾರೀಖಿನವರೆಗೆ ಬಾಕಿ ಸಂಚಾರ ದಂಡಗಳನ್ನು ಕಟ್ಟುವವರಿಗೆ ರಾಜ್ಯ ಸರ್ಕಾರವು ಶೇಕಡಾ 50ರ ರಿಯಾಯಿತಿ ನೀಡಿತು. ಬೆಂಗಳೂರು ನಗರವೊಂದರಲ್ಲಿಯೇ ನೂರು ಕೋಟಿ ರೂಪಾಯಿಗಳಿಗೂ ಮೀರಿ ವಸೂಲಾಯಿತು. ಇಂತಹ ರಿಯಾಯಿತಿ ಅನಂತರವೂ ಹಲವು ಸಲ ಬಂದಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗಿನದು ಅವುಗಳಲ್ಲೊಂದು. ಬಾಕಿಯ ರಾಶಿಯನ್ನು ಕರಗಿಸುವುದಕ್ಕೆ ಇದು ಸಮರ್ಥವಾದ ಉಪಾಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ರಿಯಾಯಿತಿಯು ತಪ್ಪಿತಸ್ಥನಿಗೂ ನಿರಪರಾಧಿಗೂ ಒಂದೇ ಸಮನಾದುದು. ತಪ್ಪಿತಸ್ಥನಿಗೆ ಅದು ಅರ್ಧ ಲಾಭ. ನಿರಪರಾಧಿಗೆ ಅರ್ಧ ನಷ್ಟ.

ಹಾಗಾದರೆ ಪ್ರಜೆಯು ಯಾವಾಗ ಕಟ್ಟಬೇಕು, ಯಾವಾಗ ತಕರಾರು ಹೂಡಬೇಕು? ಮೇಲಿನ ಚರಿತ್ರೆಯಿಂದ ಒಂದು ವಿವೇಕವನ್ನು ಪಡೆಯಬಹುದೆಂದು ನಮಗೆ ತೋರುತ್ತದೆ. ತಪ್ಪು ನಡೆದಿರುವುದನ್ನು ತನ್ನ ಮನಸ್ಸೇ ಒಪ್ಪಿದಲ್ಲಿ ಬೇಗ ಕಟ್ಟುವುದು ಲೇಸು. ಬರಿಯ ಕಾಲಹರಣಕ್ಕಾಗಿ ಹೂಡುವ ತಕರಾರು ನಿಜವಾದ ತಕರಾರುಗಳ ಸರದಿಯನ್ನು ಹಿಂದಕ್ಕೆ ತಳ್ಳುವುದು. ತಪ್ಪು ನಡೆದು, ಅದಕ್ಕೆ ಸಮಾಧಾನವೂ ಇರುವಲ್ಲಿ ಆ ಸಮಾಧಾನಕ್ಕೆ ಪುರಾವೆಯುಂಟೇ ಎಂಬುದನ್ನು ಮೊದಲು ನೋಡಬೇಕು. ಸಂಗತಿಯೇ ಸುಳ್ಳಾಗಿರುವಲ್ಲಿ, ಎಂದರೆ ನೋಂದಣಿ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಓದಿರುವಾಗ ಅಥವಾ ಮಾರಿಹೋದ ವಾಹನದ ದಂಡವು ಹಳೆಯ ಮಾಲೀಕನ ಹೆಸರಿಗೆ ಬಂದಿರುವಾಗ, ಮೊತ್ತವು ಎಷ್ಟೇ ಅಲ್ಪವಾಗಿದ್ದರೂ ನೋಟೀಸಿನ ಅವಧಿಯೊಳಗೆ ತಕರಾರು ಹೂಡುವುದು ಯುಕ್ತ. ಏಕೆಂದರೆ ಒಪ್ಪಿ ಕಟ್ಟಿದ ಮೇಲೆ ಹಿಂದಿರುಗುವ ದಾರಿ ಬಹಳ ಕಿರಿದು. ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣವನ್ನು ಅಥವಾ ಅದರ ಕ್ರಮಬದ್ಧತೆಯನ್ನು ಮಾತ್ರವೇ ಅಪೀಲಿನಲ್ಲಿ ಪ್ರಶ್ನಿಸಬಹುದು. ಸಂಗತಿಯು ಸುಳ್ಳೆಂದು ಹೇಳುವ ಅವಕಾಶ ಅಲ್ಲಿಗೆ ಮುಗಿದುಹೋಗಿರುತ್ತದೆ.

ಇದರಲ್ಲಿ ಇಡೀ ಸಮಾಜಕ್ಕೆ ಸೇರಿದ ಪ್ರಯೋಜನವೊಂದು ಅಡಗಿದೆ. ಸುಳ್ಳು ಆರೋಪಕ್ಕೆ ಇಮ್ಮಡಿ ದಂಡವೆಂಬ ಹಳೆಯ ತಡೆಯು ಈಗಿಲ್ಲದಿರುವುದರಿಂದ, ತಪ್ಪು ನೋಟೀಸುಗಳನ್ನು ಬೆಳಕಿಗೆ ತರುವ ಸಾಧನವಾಗಿ ಉಳಿದಿರುವುದು ಮುಖ್ಯವಾಗಿ ಅವನ್ನು ಪಡೆದವರ ತಕರಾರು. ಎಲ್ಲರೂ ಅಗ್ಗದ ದಾರಿಯನ್ನೇ ಹಿಡಿದರೆ ಎಲ್ಲ ನೋಟೀಸುಗಳೂ ಸರಿಯಾಗಿದ್ದವೆಂದೇ ದಾಖಲೆಯು ಸಾರುವುದು. ಮುಂದಿನ ಚರಿತ್ರಕಾರನೂ ಅದನ್ನೇ ನಂಬುವನು. ಆದುದರಿಂದ ಈ ಭಾರವನ್ನು ಮಗ್ಗದ ಕೆಲಸಗಾರನ ಅಥವಾ ಲಾರಿ ಚಾಲಕನ ಹೆಗಲ ಮೇಲೆಯೇ ಬಿಡುವುದು ನ್ಯಾಯವಲ್ಲ. ಒಂದು ದಿನದ ಸಂಪಾದನೆಯನ್ನು ಕಳೆದುಕೊಳ್ಳಬಲ್ಲವರು, ಬರೆಯಬಲ್ಲವರು, ಕಾಯಿದೆಯನ್ನು ಓದಬಲ್ಲವರು ತಮಗೆ ಬಂದ ಸುಳ್ಳು ನೋಟೀಸನ್ನು ಸುಮ್ಮನೆ ಕಟ್ಟಿಬಿಡದಿರುವುದು ಉಳಿದವರಿಗೆ ಮಾಡುವ ಉಪಕಾರ. ಜೊತೆಗೆ, ತಕರಾರಿನ ವೆಚ್ಚವು ದಂಡದ ಮೊತ್ತವನ್ನು ಮೀರದಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ. ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಒಪ್ಪಿಕೊಳ್ಳುವ ದಾರಿಯನ್ನು ಸುಗಮಗೊಳಿಸುವುದಕ್ಕೆ ವ್ಯಯಿಸಿದ ಜಾಣ್ಮೆಯ ಒಂದು ಪಾಲನ್ನು ಅಲ್ಲಗಳೆಯುವ ದಾರಿಯನ್ನು ಸುಗಮಗೊಳಿಸುವುದಕ್ಕೂ ವ್ಯಯಿಸಿದರೆ, ತಕ್ಕಡಿಯ ಎರಡು ತಟ್ಟೆಗಳೂ ಸಮನಾಗುವುವು.