ಆಲ್ಮಾ: ನಮ್ಮ ಕೊಲ್ಲಿಯ ಹಳೆಯ ಹಾಯಿದೋಣಿ

ಡಬ್ಲಿನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಾರ್ಟ್ ರೈಲಿನಲ್ಲಿ ಹೋಗುವಾಗ ನೀವು ಕೊಲ್ಲಿಯನ್ನು ನೀರಿನಡಿಯ ಸುರಂಗದಲ್ಲಿ ದಾಟುತ್ತೀರಿ. ಸುರಂಗ, ಸೇತುವೆ, ಲಾರಿ ಯಾವುದೂ ಇಲ್ಲದ ಕಾಲದಲ್ಲಿ ಇಲ್ಲಿ ಸರಕು ಹೊತ್ತದ್ದು ಹಾಯಿದೋಣಿಗಳು. ಅವುಗಳಲ್ಲೊಂದು ಆಲ್ಮಾ. 1891ರಲ್ಲಿ ಹಂಟರ್ಸ್ ಪಾಯಿಂಟಿನಲ್ಲಿ ಕಟ್ಟಿದ್ದು. ಇದರ ತಳ ಚಪ್ಪಟೆ. ಹಾಗಾಗಿ ಆಳವಿಲ್ಲದ ಕಡೆಗೂ ನುಗ್ಗಿ, ಇಳಿತದಲ್ಲಿ ಕೆಸರಿನ ಮೇಲೆ ಕೂತು, ಹುಲ್ಲು, ಮರ ತುಂಬಿಕೊಳ್ಳುತ್ತಿತ್ತು. ನಗರದ ಕುದುರೆಗಾಡಿಗಳಿಗೆ ಆ ಹುಲ್ಲೇ ಪೆಟ್ರೋಲು!

1918ರಲ್ಲಿ ಹಾಯಿಕಂಬಗಳನ್ನು ಕಿತ್ತರು. 1926ರಲ್ಲಿ ಎಂಜಿನ್ ಕೂರಿಸಿದರು. 1957ರವರೆಗೆ ಆಲ್ಮಾ ಕೋಳಿ ಮೇವಿಗಾಗಿ ಸಿಂಪಿ ಚಿಪ್ಪು ಬಾಚಿತು. 1959ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅದನ್ನು ಕೊಂಡಿತು; 1964ರಲ್ಲಿ ದುರಸ್ತಿ ಶುರುವಾಗಿ, ಮುಂದೆ ಮತ್ತೆ ಹಾಯಿ ಏರಿತು.

ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಹಲಗೆಗಳ ಸಂದಿಗೆ ನಾರು ತುಂಬಬೇಕು, ಕೊಳೆತ ಮರ ಬದಲಿಸಬೇಕು, ಇದು ಮುಗಿಯದ ಕೆಲಸ. ಗಾಳಿ ನೋಡಿ ಹಗ್ಗ ಎಳೆಯುವುದನ್ನೂ ಯಾರಾದರೂ ಕಲಿಯಬೇಕು. ಇಲ್ಲಿ ಅದನ್ನು ಕಲಿತವರಲ್ಲಿ ಸ್ವಯಂಸೇವಕರೂ ಇದ್ದಾರೆ.

ನಮ್ಮ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೂ ಹಾಯಿ ಹೋಗಿ ಎಂಜಿನ್ ಬಂದಿದೆ. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಹಿರಿಯರನ್ನು ಕೇಳಿ: ಹಾಯಿ ಕಟ್ಟಲು ಬಲ್ಲವರು ಈಗ ಯಾರಿದ್ದಾರೆ?