ಸೇಗಾಂವದಿಂದ ಸೇವಾಗ್ರಾಮ

ವಿದರ್ಭದ ವರ್ಧಾ ಪಟ್ಟಣದಿಂದ ಮೂಡಲಿಗೆ ಸುಮಾರು ಐದು ಮೈಲಿ ದೂರದಲ್ಲಿ, ಗದಗು ನವಲಗುಂದಗಳ ಕಡೆಯವರಿಗೆ ಕಂಡೊಡನೆ ಪರಿಚಿತವೆನಿಸುವ ಎರೆಭೂಮಿಯ ನಡುವೆ, ಹತ್ತಿಯನ್ನೂ ಜೋಳವನ್ನೂ ಬೆಳೆದುಕೊಂಡು, ಮಳೆಗಾಲದಲ್ಲಿ ಕೆಸರಿನಿಂದಲೂ ಬೇಸಗೆಯಲ್ಲಿ ಧೂಳಿನಿಂದಲೂ ಹೊರಲೋಕದ ಸಂಪರ್ಕವನ್ನು ಕಳೆದುಕೊಂಡು ಬಾಳುತ್ತಿದ್ದ ಸೇಗಾಂವವೆಂಬ ಹಳ್ಳಿಯ ಹೆಸರು 1936ಕ್ಕೆ ಮೊದಲು ಆ ಸೀಮೆಯ ಹೊರಗಿನವರ ಕಿವಿಗೆ ಬಿದ್ದಿರಲಾರದು. ಅಲ್ಲಿ ಅಂಚೆಯ ಮನೆಯಿರಲಿಲ್ಲ. ಬಂಡಿಯ ಜಾಡನ್ನು ಬಿಟ್ಟರೆ ದಾರಿಯೆನ್ನಬಹುದಾದುದೂ ಇರಲಿಲ್ಲ. ಮಲೇರಿಯಕ್ಕೂ ಹಾವಿಗೂ ಮಾತ್ರ ಕೊರತೆಯಿರಲಿಲ್ಲ. ಇದ್ದವರು ಆರೇಳುನೂರು ಮಂದಿ, ಅವರಲ್ಲಿ ಬಹುಪಾಲು ಅಂದು ಹರಿಜನರೆಂದು ಕರೆಯಲ್ಪಡುತ್ತಿದ್ದವರು. ಊರಿನ ಮಾಲ್ಗುಜಾರಿಯ, ಎಂದರೆ ಜಮೀನುದಾರಿಕೆಯ, ಹೆಚ್ಚಿನ ಪಾಲು ವರ್ಧೆಯ ವರ್ತಕ ಜಮನಾಲಾಲ ಬಜಾಜರದು. ತಮ್ಮ ಮನೆತನದ ಲಕ್ಷ್ಮೀನಾರಾಯಣ ದೇವಾಲಯದ ಬಾಗಿಲನ್ನು 1928ರಲ್ಲಿಯೇ ಅಸ್ಪೃಶ್ಯರಿಗೆ ತೆರೆಯಿಸಿ ಸ್ವಜನರ ಕೋಪಕ್ಕೆ ಗುರಿಯಾದ ಶೇಠರು ಇವರೇ.

1930ರ ಮಾರ್ಚಿಯಲ್ಲಿ ದಂಡಿಗೆ ಹೊರಟಾಗ, ಸ್ವರಾಜ್ಯ ದೊರೆಯದೆ ಸಾಬರಮತಿಯ ಆಶ್ರಮಕ್ಕೆ ಹಿಂದಿರುಗೆನೆಂದು ಪಣತೊಟ್ಟಿದ್ದ ಗಾಂಧೀಜಿಯವರನ್ನು ಈ ಸೀಮೆಗೆ ಕರೆತಂದದ್ದು ಬಜಾಜರ ಆಗ್ರಹವೇ. ಕೆಲವು ಕಾಲ ವರ್ಧೆಯ ಮಗನವಾಡಿಯಲ್ಲಿದ್ದು ಗ್ರಾಮೋದ್ಯೋಗ ಸಂಘದ ಕೆಲಸಕ್ಕೆ ತಳಹದಿ ಹಾಕಿದ ಮೇಲೆ, ಹಳ್ಳಿಯ ಉದ್ಧಾರವನ್ನು ಪಟ್ಟಣದಲ್ಲಿ ಕುಳಿತು ಬೋಧಿಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಅವರಿಗಿಂತ ಮುಂಚೆಯೇ ಅವರ ಶಿಷ್ಯೆ ಮೀರಾಬೆನ್ನರು ಸೇಗಾಂವಕ್ಕೆ ಬಂದು ನೆಲೆಸಿದ್ದರು. 1936ರ ಏಪ್ರಿಲ್ 30ರಂದು ಗಾಂಧೀಜಿ ಅಲ್ಲಿಗೆ ಬಂದರು. ಊರ ಜನರನ್ನು ಕಲೆಹಾಕಿ, ತಾವು ಸೇವೆಗೆಂದು ಬಂದವರೆಂದೂ, ಅಸ್ಪೃಶ್ಯತೆಯನ್ನು ತಾವು ಒಪ್ಪುವವರಲ್ಲವೆಂದೂ, ಆದರೆ ಯಾರ ಮೇಲೂ ಬಲಾತ್ಕಾರ ಮಾಡದೆ ಒಲಿಸಿಯೇ ತಿದ್ದಲೆಳಸುವರೆಂದೂ ಮೊದಲೇ ತಿಳಿಯಹೇಳಿದರು. ಜನರು ಜಯಕಾರ ಮಾಡಿ ಹರಸಿ ಬರಮಾಡಿಕೊಂಡರೆಂದು ಬರೆದರೆ ಚರಿತ್ರೆ ರಮ್ಯವಾಗುತ್ತಿತ್ತು, ಸತ್ಯವಾಗುತ್ತಿರಲಿಲ್ಲ. ಬಾವಿ, ಕ್ಷೌರ, ಊಟದ ಪಂಕ್ತಿ ಇವುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕಟ್ಟಳೆಗಳು ಒಬ್ಬ ಮಹಾತ್ಮರ ಪಾದಸ್ಪರ್ಶಕ್ಕೆ ಕರಗುವಂಥವಲ್ಲ.

ಆಶ್ರಮದ ಮೊದಲ ಮನೆಯಾದ ಆದಿ ನಿವಾಸಕ್ಕೆ ಗಾಂಧೀಜಿ ಹಾಕಿದ ನಿಬಂಧನೆ ಪ್ರಸಿದ್ಧವಾಗಿದೆ: ಆ ನೆಲದಲ್ಲೇ ಸಿಕ್ಕುವ ಸಾಮಗ್ರಿ, ಆ ಊರಿನವರದೇ ಕೈಗೆಲಸ, ವೆಚ್ಚ ನೂರು ರೂಪಾಯಿಗೆ ಮೀರಕೂಡದು. ಒಂಟಿಯಾಗಿ, ಆದಷ್ಟು ಮಟ್ಟಿಗೆ ಕಸ್ತೂರಬಾ ಅವರನ್ನೂ ಬಿಟ್ಟು, ಹಳ್ಳಿಗರಲ್ಲೊಬ್ಬ ಹಳ್ಳಿಗನಾಗಿ ಇರಬೇಕೆಂಬುದು ಅವರ ಬಯಕೆ. ಲೋಕ ಅದಕ್ಕೆ ಆಸ್ಪದ ಕೊಡಲಿಲ್ಲ. ಒಂದೇ ಪಡಸಾಲೆಯ ಆ ಮನೆಯಲ್ಲಿ ಕಸ್ತೂರಬಾ, ಕಾರ್ಯದರ್ಶಿ ಪ್ಯಾರೇಲಾಲರು, ಖಾನ್ ಅಬ್ದುಲ್ ಗಫಾರ್ ಖಾನರು, ಮೇಲಾಗಿ ದಿನಬೆಳಗಾದರೆ ಬಂದು ಹೋಗುವ ಅತಿಥಿಗಳು, ರೋಗಿಗಳು, ವ್ರತಧಾರಿಗಳು, ಸ್ವಲ್ಪ ವಿಲಕ್ಷಣ ಬುದ್ಧಿಯವರು, ಎಲ್ಲರಿಗೂ ಮೂಲೆ ಬೇಕಾಯಿತು. ಹೆಂಗಸಿಗೆ ಬಟ್ಟೆ ಬದಲಿಸಲೂ ಮರೆಯಿಲ್ಲದ ಆ ಇಕ್ಕಟ್ಟನ್ನು ಕಂಡು ಬಜಾಜರು ಕಸ್ತೂರಬಾ ಅವರಿಗಾಗಿ ಪ್ರತ್ಯೇಕವಾಗಿ ಕಟ್ಟಿಸಿದ ಬಾ ಕುಟಿಯನ್ನು ಸಂದರ್ಶಕರು ಒಂದು ಕ್ಷಣ ಇಣಿಕಿ ಮುಂದೆ ಸಾಗುತ್ತಾರೆ. ನನಗಾದರೋ ಇಡೀ ಆವರಣದಲ್ಲಿ ಅತ್ಯಂತ ಮಾನುಷವಾದ ಕಟ್ಟಡ ಅದೇ ಎಂದು ತೋರುತ್ತದೆ. ಮಹಾಪುರುಷರ ಅಪರಿಗ್ರಹದ ಭಾರವನ್ನು ಅವರ ಮನೆಯವರು ಎಷ್ಟು ಹೊತ್ತರೆಂಬುದಕ್ಕೆ ಆ ಚಿಕ್ಕ ಕೋಣೆಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಂದು ಬಾಪೂ ಕುಟಿಯೆಂದು ಲೋಕಪ್ರಸಿದ್ಧವಾಗಿರುವ ಮನೆ ಮೊದಲಿಗೆ ಬಾಪುವಿನದಾಗಿರಲಿಲ್ಲ. ಮೀರಾಬೆನ್ನರು ತಮಗಾಗಿಯೂ, ಊರವರಿಗೆ ಹತ್ತಿಯ ಕೆಲಸವನ್ನು ಕಲಿಸುವುದಕ್ಕಾಗಿಯೂ ಕಟ್ಟಿಸಿಕೊಂಡ ಈ ಮಣ್ಣಿನ ಗುಡಿಸಲಿಗೆ ಗಾಂಧೀಜಿ ತರುವಾಯ ಬಂದು ಸೇರಿದರು. ಗೋಡೆಯ ಮೆತ್ತಿದ ಮಣ್ಣಿನ ಮೇಲೆ ಆಕೆ ಉಬ್ಬಾಗಿ ಮೂಡಿಸಿದ ಈಚಲ ಮರಗಳೂ ಚರಕವೂ ಓಂಕಾರವೂ ಈಗಲೂ ಇವೆ. ಇಂಗ್ಲೆಂಡಿನ ನೌಕಾಧಿಪತಿಯೊಬ್ಬರ ಮಗಳು ವಿದರ್ಭದ ಮಣ್ಣಿನಲ್ಲಿ ಬರೆದ ಆ ಚಿತ್ತಾರಕ್ಕೆ ಇಡೀ ಮನೆಯ ಅಲಂಕಾರವೆಲ್ಲ ಮುಗಿಯುತ್ತದೆ. ಮೇಲೆ ನಾಡಹೆಂಚು, ಕೆಳಗೆ ಚಾಪೆ ಹಾಸಿದ ನೆಲ. ಒರಗಲು ಒಂದು ಹಲಗೆ, ಬರೆಯಲು ಗಿಡ್ಡ ಮೇಜು, ಕಾಗದ ಹಾರದಂತೆ ಇಡುವ ಕಲ್ಲು, ಮೂರು ಕೋತಿಗಳ ಬೊಂಬೆ, ಒಂದೆರಡು ಪಾತ್ರೆ. ಬಂದವರು ಮಂತ್ರಿಯಾಗಲಿ ಪರದೇಶದ ಪತ್ರಕರ್ತನಾಗಲಿ, ಚಾಪೆಯ ಮೇಲೆಯೇ ಕೂಡಬೇಕು. ಪಕ್ಕದ ಸ್ನಾನಗೃಹದಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವ ಮೇಜೂ ಶೌಚದ ಪೀಠವೂ ಇದ್ದು, ಅವುಗಳನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ನಾಯಕರ ಸ್ಮಾರಕಗಳಲ್ಲಿ ಇಂಥ ನಿಸ್ಸಂಕೋಚ ಅಪರೂಪ.

ಆಶ್ರಮದ ಕಚೇರಿಯಲ್ಲಿ ಎರಡು ವಸ್ತುಗಳು ಆಸುಪಾಸಿನಲ್ಲಿದ್ದು, ಯಾವ ಜಾಣ ಪ್ರದರ್ಶಕನೂ ಇಷ್ಟು ಚೆನ್ನಾಗಿ ಜೋಡಿಸಲಾರನು. ಒಂದು, ದೆಹಲಿಯ ವೈಸ್‌ರಾಯ್ ಲಿನ್‌ಲಿತ್‌ಗೋ ತುರ್ತಾಗಿ ಗಾಂಧೀಜಿಯವರನ್ನು ಸಂಪರ್ಕಿಸುವ ಸಲುವಾಗಿ ಸರ್ಕಾರವೇ ಹಾಕಿಸಿಕೊಟ್ಟ ಟೆಲಿಫೋನು. ಮತ್ತೊಂದು, ಹಾವು ಹಿಡಿಯುವ ಮರದ ಇಕ್ಕಳ ಮತ್ತು ಹಿಡಿದ ಹಾವನ್ನು ಇಡುವ ಪಂಜರ. ಆಶ್ರಮದಲ್ಲಿ ಹಾವನ್ನು ಕೊಲ್ಲುವಂತಿರಲಿಲ್ಲವಾದುದರಿಂದ ಅದನ್ನು ಜೋಪಾನವಾಗಿ ಹಿಡಿದು ದೂರ ಒಯ್ದು ಬಿಟ್ಟುಬರುತ್ತಿದ್ದರು. ಸಾಮ್ರಾಜ್ಯದೊಡನೆ ಅವರು ನಡೆಸಿದ ವ್ಯವಹಾರವೂ ಹೆಚ್ಚುಕಡಿಮೆ ಇದೇ ಬಗೆಯದು.

ಕುಟಿಗೆ ಸಮೀಪದಲ್ಲಿರುವ ಪರಚುರೆ ಕುಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪರಚುರೆ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು; ಯರವಡಾ ಸೆರೆಮನೆಯ ದಿನಗಳಿಂದ ಗಾಂಧೀಜಿಯವರನ್ನು ಬಲ್ಲವರು; ಕುಷ್ಠರೋಗ ತಗಲಿ ಲೋಕದಿಂದ ದೂರವಾಗಿ, ಕಡೆಗೆ ಆಶ್ರಮದ ಬಾಗಿಲಿಗೆ ಬಂದು ನಿಂತವರು. ಸೋಂಕಿನ ಭಯ ಸುಶಿಕ್ಷಿತರನ್ನೂ ಬಿಡದಿದ್ದ ಆ ಕಾಲದಲ್ಲಿ ಗಾಂಧೀಜಿ ಅವರನ್ನು ತಮ್ಮ ಕಣ್ಣಳತೆಯಲ್ಲೇ ಇರಿಸಿಕೊಂಡು, ರಾಜಕಾರಣದ ಎಡೆಬಿಡದ ಕಲಾಪದ ನಡುವೆಯೂ ಅವರ ಮೈಯನ್ನು ತಾವೇ ನೀವುತ್ತಿದ್ದರು. ಇನ್ನೊಂದು ಗುಡಿಸಲು ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರದು. ಅದನ್ನು ಕಟ್ಟುವುದಕ್ಕೆ ಮುಂಚೆ ಅವರು ಮಗನವಾಡಿಯಿಂದ ಕಡುಬೇಸಗೆಯಲ್ಲೂ ಕಾಗದಪತ್ರಗಳ ಹೊರೆಯೊಡನೆ ಕಾಲ್ನಡೆಯಲ್ಲಿ ಬಂದು ಕಾಲ್ನಡೆಯಲ್ಲೇ ಹಿಂದಿರುಗುತ್ತಿದ್ದುದರ ಕಷ್ಟವನ್ನು, ವರ್ಧೆಯ ಮೇ ತಿಂಗಳ ಬಿಸಿಲನ್ನು ಒಮ್ಮೆ ಉಂಡವರೇ ಬಲ್ಲರು. 1942ರ ಆಗಸ್ಟ್ 15ರಂದು ಆಗಾಖಾನ್ ಅರಮನೆಯ ಬಂಧನದಲ್ಲಿ ಐವತ್ತರ ವಯಸ್ಸಿಗೇ ನಿಂತುಹೋದ ಆ ಹೃದಯದ ದಣಿವಿಗೆ ಈ ದಾರಿಯ ಪಾಲೂ ಸ್ವಲ್ಪ ಇರಬೇಕೆಂದು ನನ್ನ ಊಹೆ.

ವರ್ಧೆಯ ರೈಲುಹಾದಿಯಲ್ಲೇ ಇರುವ ಶೇಗಾಂವದೊಡನೆ ಸೇಗಾಂವದ ಹೆಸರು ಬೆರಕೆಯಾಗಿ ಆಶ್ರಮದ ಅಂಚೆ ಅತ್ತ ಹೋಗುತ್ತಿದ್ದುದರಿಂದ 1940ರಲ್ಲಿ ಊರಿಗೆ ಸೇವಾಗ್ರಾಮವೆಂಬ ಹೆಸರಾಯಿತು. ಆ ವರ್ಷವೇ ವೈಯಕ್ತಿಕ ಸತ್ಯಾಗ್ರಹದ ಪ್ರಥಮ ಸತ್ಯಾಗ್ರಹಿಯಾಗಿ ನೆರೆಯ ಪವನಾರಿನ ವಿನೋಬಾ ಭಾವೆ ಆಯ್ಕೆಯಾದರು. 1942ರ ಜುಲೈ 14ರಂದು ಬ್ರಿಟಿಷರು ದೇಶ ಬಿಟ್ಟು ತೊಲಗಬೇಕೆಂಬ ಕಾಂಗ್ರೆಸ್ ಕಾರ್ಯಸಮಿತಿಯ ನಿರ್ಣಯ ವರ್ಧೆಯಲ್ಲಿ ಅಂಗೀಕೃತವಾಯಿತು. ಮುಂದಿನ ಕಥೆ ಎಲ್ಲರೂ ಬಲ್ಲದ್ದೇ. 1946ರ ಆಗಸ್ಟಿನಲ್ಲಿ ಇಲ್ಲಿಂದ ಹೊರಟ ಗಾಂಧೀಜಿ ನವಖಾಲಿ, ಬಿಹಾರ, ಕಲಕತ್ತೆ, ದೆಹಲಿಗಳ ರಕ್ತಪಾತದ ನಡುವೆ ಸಿಕ್ಕು ಮತ್ತೆ ಬರಲಾಗಲಿಲ್ಲ. 1948ರ ಫೆಬ್ರವರಿಯ ಆರಂಭದಲ್ಲಿ ಬರುವವರಿದ್ದರು; ಅದಕ್ಕೆ ಮುಂಚೆಯೇ ಹತ್ಯೆಗೀಡಾದರು. ಅವರಿಲ್ಲದೆ ಆ ಮಾರ್ಚಿಯಲ್ಲಿ ಇಲ್ಲಿ ಸೇರಿದ ಸಭೆಗೆ ನೆಹರು, ರಾಜೇಂದ್ರ ಪ್ರಸಾದ್, ಆಜಾದ್, ಕೃಪಲಾನಿ, ವಿನೋಬಾ ಮೊದಲಾದವರೆಲ್ಲ ಬಂದಿದ್ದರು.

ಕಲ್ಲಿನ ಸ್ಮಾರಕವನ್ನು ಕಟ್ಟಿ ಕೈತೊಳೆದುಕೊಳ್ಳಬಹುದು; ಮಣ್ಣಿನ ಮನೆ ಹಾಗಲ್ಲ. ಗೆದ್ದಲು, ಮಳೆ, ಒಡೆದ ಹೆಂಚು ಇವುಗಳೊಡನೆ ವರ್ಷವರ್ಷವೂ ಹೆಣಗಿ, ಗೋಡೆಯನ್ನು ಮತ್ತೆ ಮೆತ್ತಿ, ನೆಲವನ್ನು ಮತ್ತೆ ಸಾರಿಸಿ ಉಳಿಸಿಕೊಳ್ಳಬೇಕು. ಆದುದರಿಂದ ಇಲ್ಲಿ ನಿಜವಾಗಿ ರಕ್ಷಿತವಾಗಿರುವುದು ಗಾಂಧೀಜಿ ಮುಟ್ಟಿದ ವಸ್ತುಗಳಿಗಿಂತ ಹೆಚ್ಚಾಗಿ ಹಳ್ಳಿಯ ಮನೆಕಟ್ಟಿನ ಕೌಶಲವೆಂದರೆ ತಪ್ಪಲ್ಲ. ವಸ್ತುಗಳಾದರೂ ಶಾಶ್ವತವೆ? ಗಾಂಧೀಜಿಯವರ ಕನ್ನಡಕವೇ ಇಲ್ಲಿಂದ ಕಾಣೆಯಾಗಿದೆಯೆಂಬ ಸಂಗತಿ 2011ರಲ್ಲಿ ಬಯಲಾಯಿತು. ಕುಟಿಗೆ ಅದರಿಂದ ಅಂಥ ನಷ್ಟವೇನೂ ತಟ್ಟಿದಂತಿಲ್ಲ. 1978ರ ಜನವರಿಯಲ್ಲಿ ಇಲ್ಲಿಗೆ ಬಂದಿದ್ದ ದಾರ್ಶನಿಕ ಇವಾನ್ ಇಲಿಚ್ ಈ ಗುಡಿಸಲಿನ ನೆಲದ ಮೇಲೆ ಕುಳಿತೇ ತಾವು ಇಲ್ಲಿ ಮಾಡಿದ ಭಾಷಣಕ್ಕೆ ವಸ್ತುವನ್ನು ಕಂಡುಕೊಂಡರು.

ಆದರೂ ಒಂದು ಆಕ್ಷೇಪಣೆಯನ್ನು ಹೇಳದೆ ವಿಧಿಯಿಲ್ಲ. ಗಾಂಧೀಜಿ ಬಂದದ್ದು ಊರಿಗಾಗಿ. ನಾವು ಹೋಗುವುದು ಅವರ ಕುಟಿಗಾಗಿ. ಬಸ್ಸು ಆಶ್ರಮದ ಬಾಗಿಲಲ್ಲಿ ನಿಲ್ಲುತ್ತದೆ. ಜನ ಇಳಿದು, ಪಾದರಕ್ಷೆ ಕಳಚಿ, ಕುಟಿಗಳನ್ನು ಸುತ್ತಿ, ಖಾದಿಯ ಕರವಸ್ತ್ರವೊಂದನ್ನು ಕೊಂಡು, ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಸಮೀಪದಲ್ಲೇ ನಯೀ ತಾಲೀಮಿನ ಆವರಣವಿದೆ. 1937ರ ಅಕ್ಟೋಬರಿನ ವರ್ಧಾ ಪರಿಷತ್ತಿನ ತರುವಾಯ ಆರ್ಯನಾಯಕಂ ದಂಪತಿಗಳು ಕೈಗೆಲಸದ ಮೂಲಕ ವಿದ್ಯೆ ಕಲಿಸುವ ಪ್ರಯೋಗವನ್ನು ನಡೆಸಿದ್ದು ಅಲ್ಲಿಯೇ. ಸುಶೀಲಾ ನಯ್ಯರರು ಬೆಳೆಸಿದ ಕಸ್ತೂರಬಾ ಆಸ್ಪತ್ರೆಯೂ, 1969ರಲ್ಲಿ ಅದಕ್ಕೆ ಹೊಂದಿಕೊಂಡು ಆರಂಭವಾದ ವೈದ್ಯಕೀಯ ವಿದ್ಯಾಲಯವೂ ಸುತ್ತಣ ಹಳ್ಳಿಗಳ ರೋಗಿಗಳಿಂದ ತುಂಬಿವೆ. ಇವೆಲ್ಲದರ ಜೊತೆಗೆ, ಹತ್ತಿಯ ಬೆಲೆಯನ್ನೇ ನಂಬಿಕೊಂಡು ಸಾಲದ ಬಾಧೆಯಲ್ಲಿ ನವೆಯುವ ವಿದರ್ಭದ ರೈತರ ಊರುಗಳಲ್ಲೊಂದಾಗಿ ಸೇವಾಗ್ರಾಮವೂ ಇದೆ. ಕನ್ನಡನಾಡಿನಿಂದ ಅಲ್ಲಿಗೆ ಹೋಗುವವರು ಮಳೆಗಾಲ ಮುಗಿದ ಮೇಲೆ ಹೋಗಲಿ. ಬಯಲಿನಲ್ಲಿ ನಡೆಯುವ ಸಂಜೆಯ ಪ್ರಾರ್ಥನೆಯಲ್ಲಿ ಕುಳಿತು, ಒಂದು ರಾತ್ರಿ ಯಾತ್ರಿ ನಿವಾಸದಲ್ಲಿ ತಂಗಿ, ಮರುದಿನ ಬೆಳಗ್ಗೆ ಆಶ್ರಮದ ಬೇಲಿಯಾಚೆಗಿನ ಊರೊಳಗೂ ಒಮ್ಮೆ ನಡೆದುಬರಲಿ.